ಅಜ್ಜನ ಗಿಂಡಿ, ನನ್ನ ತೋಟ

ನಮ್ಮ ಅಜ್ಜನ ಗಿಂಡಿಯ ಹೊಟ್ಟೆಯಲ್ಲೊಂದು ನೆಗ್ಗು ಇದೆ; ಅದು ನನ್ನ ಬಾಲ್ಯದ ಸಾಧನೆ. ಬೆಟಗೇರಿಯ ನಮ್ಮ ಹಿತ್ತಲಿನ ಎತ್ತರದ ಕಲ್ಲಿನ ಮೇಲೆ ಕುಳಿತು, ದಿನಕ್ಕೆ ಐದು ಸಲ, ನಮಾಜಿಗೆ ಮುನ್ನ ಆ ಗಿಂಡಿಯ ನೀರಿನಿಂದ ಕೈ, ಮುಖ, ಕಾಲು ತೊಳೆದುಕೊಳ್ಳುವ ಅಜ್ಜನಿಗೆ ಈಗ ಹೆಬ್ಬೆರಳು ಊರಲು ಆ ನೆಗ್ಗೇ ಬೇಕು. ಹಳೆಯ ಹತ್ತಿ ಬಡಿದು ಹೊಸ ಗಾದಿ ಮಾಡುವ ಕಸುಬಿನವರಿಗೆ ಕೆಟ್ಟದ್ದನ್ನೂ ಬಳಸಿಕೊಳ್ಳುವ ಗುಣ ರಕ್ತದಲ್ಲೇ ಇರುತ್ತದೇನೋ. ನನ್ನ ರಕ್ತದಲ್ಲಿರುವುದು ಬರೀ ಅಣಕ. ಅದು ಯಾರ ಕಡೆಯಿಂದ ಬಂತೋ ಗೊತ್ತಿರಲಿಲ್ಲ.

ಆ ಅಣಕವೇ ನನ್ನನ್ನು ತೋಟಗಾರನನ್ನಾಗಿಸಿತು, ಮಿತ್ರರೇ. ಗದಗಿನ ಸಭೆಯೊಂದರಲ್ಲಿ ದೊಡ್ಡ ಮನುಷ್ಯರೊಬ್ಬರು ಇಂಗಾಲದ ಹೆಜ್ಜೆಗುರುತಿನ ಬಗ್ಗೆ, ಅಂದರೆ ನಾವು ಬದುಕುತ್ತ ಬದುಕುತ್ತ ಗಾಳಿಗೆ ಸೇರಿಸುವ ಹೊಗೆಯ ಬಗ್ಗೆ, ಭಾಷಣ ಮಾಡಿದರು. ಅವರ ಕೆಮ್ಮು, ಕನ್ನಡಕ, ಎತ್ತಿದ ಬೆರಳು ಎಲ್ಲವನ್ನೂ ಅಜ್ಜನೆದುರು ಅಭ್ಯಾಸ ಮಾಡಿಕೊಂಡು ಹೋಗಿ, ಚಹಾದಂಗಡಿಯಲ್ಲಿ "ಪ್ರತಿ ಮನೆಗೊಂದು ಪುಟ್ಟ ತೋಟ! ನನ್ನ ಮನೆಯಿಂದಲೇ ಆರಂಭ!" ಎಂದು ಗುಡುಗಿದೆ. ಅಣಕಿಸಿದ್ದು ಅವರನ್ನು, ಜನ ಹಿಡಿದದ್ದು ನನ್ನನ್ನು. "ಮತ್ತ ಯಾವಾಗ ಚಾಲೂ ಮಾಡ್ತಿಯೋ ನಿನ್ನ ತ್ವಾಟಾ?" ಎಂದು ಇಡೀ ಓಣಿ ಕೇಳತೊಡಗಿತು.

ನಕ್ಷೆ ಬರೆದೆ. ಅದರಲ್ಲಿ ಅಜ್ಜನ ಕಲ್ಲು ಟೊಮೆಟೊ ಸಾಲಿನ ನಟ್ಟನಡುವೆ ಕುಳಿತಿತ್ತು. ಮಂಡಿನೋವಿನ ಅಜ್ಜ ನೆಲಕ್ಕೆ ಕೂತರೆ ಏಳಲಾರ. ಆದರೆ ಜಗತ್ತನ್ನೇ ಉಳಿಸಹೊರಟವನಿಗೆ ಒಬ್ಬ ಅಜ್ಜನ ಮಂಡಿ ಕಂಡೀತೇ?

"ಕಲ್ಲು ಕೀಳಬೇಕಾಗ್ತೈತಿ ಅಜ್ಜಾ," ಎಂದೆ.

ಅಜ್ಜ ಗಡ್ಡ ಸವರಿಕೊಂಡ. "ರಂಜಾನ್ ಚಂದ್ರ ಕಾಣೂದ್ರೊಳಗ ಈ ಹಿತ್ತಲದಾಗ ಒಂದು ಹಿಡಿ ಹಸರು ತೋರ್ಸು ಮಗನ. ಖರೇನ ಬಂತಂದ್ರ ಕಲ್ಲು ಬಿಟ್ಟು ಏಳ್ತೀನಿ."

ಶುರುವಾಯಿತು ಬೈಕಿನ ದಂಡಯಾತ್ರೆ. ಕೊರ್ಲಹಳ್ಳಿಯ ಹೊಳೆದಂಡೆಯ ಮಣ್ಣು, ಲಕ್ಕುಂಡಿಯ ಕುರಿಗೊಬ್ಬರ, ಲಕ್ಷ್ಮೇಶ್ವರದ ಸಸಿ, ಆ ಸಸಿ ಬಾಡಿದ್ದಕ್ಕೆ ಶಿರಹಟ್ಟಿಯ ಇನ್ನೊಂದು ಸಸಿ. ಹೊಗೆ ತಗ್ಗಿಸುವ ಭರದಲ್ಲಿ ಜಿಲ್ಲೆಗೆಲ್ಲ ಹೊಗೆ ಹಂಚಿ ಬಂದೆ. "ಲೇ, ನಿನ್ನ ತ್ವಾಟ ಪೆಟ್ರೋಲ್ ಕುಡದು ಬೆಳಿತೈತೇನು?" ಎಂದು ಅಜ್ಜ ಕೇಳಿದ.

ನಳದ ನೀರಿಗೆ ಮನುಷ್ಯರೇ ದಾರಿ ಕಾಯುವ ಊರಿನಲ್ಲಿ ಟೊಮೆಟೊ ಎಷ್ಟೆಂದು ಕಾದೀತು? ನಕ್ಷೆಯಲ್ಲಿದ್ದಂತೆಯೇ ಸಾಲಾಗಿ, ಶಿಸ್ತಾಗಿ ಒಣಗಿತು. ಚಂದ್ರ ಕಾಣಲು ಎರಡು ದಿನವಿರುವಾಗ, ಸೋತೆನೆಂದು ಒಪ್ಪಿಕೊಳ್ಳಲು ಹಿತ್ತಲಿಗೆ ಹೋದರೆ ಅಜ್ಜ ಕಲ್ಲಿನ ಮೇಲೆ ಕೂತೇ ಅದರ ಹಿಂದೆ ಇಣುಕಿ ನೋಡುತ್ತಿದ್ದ. ಅವ್ವ ಎಲೆ ಬಿಡಿಸಿಕೊಂಡು ಎಸೆದಿದ್ದ ಪುದೀನಾ ಕಡ್ಡಿಗಳು, ಗಿಂಡಿಯ ನೀರು ಹರಿದು ನಿಲ್ಲುವ ಆ ಒದ್ದೆಯಲ್ಲಿ, ಗಾದಿಯಿಂದ ಕೊಡವಿದ ಹಳೆಯ ಹತ್ತಿಯನ್ನೇ ಹಾಸಿ ಹೊದ್ದುಕೊಂಡು, ಯಾರ ಭಾಷಣವನ್ನೂ ಕೇಳದೆ ಸೊಂಪಾಗಿ ಹಬ್ಬಿದ್ದವು.

"ಹಿಡಿಗಿಂತ ಹೆಚ್ಚ ಐತಿ. ನೀ ಗೆದ್ದಿ. ಕೀಳು ಕಲ್ಲು," ಎಂದು ಅಜ್ಜ ಮಂಡಿ ಹಿಡಿದುಕೊಂಡು ಎದ್ದು ನಿಂತ. ಮುಖದಲ್ಲಿ ತಮಾಷೆಯ ಸುಳಿವಿಲ್ಲ.

ಆ ಕಲ್ಲು ಎದ್ದರೆ ಗಿಂಡಿಯ ನೀರು ತಪ್ಪಿ ಪುದೀನಾ ಕೂಡ ಟೊಮೆಟೊದ ಹಾದಿ ಹಿಡಿಯುತ್ತದೆಂದು ನಕ್ಷೆ ಬರೆದ ತಲೆಗೂ ಹೊಳೆಯಿತು. ನಕ್ಷೆಯನ್ನು ನಾಲ್ಕಾಗಿ ಮಡಚಿ, ಅಲುಗಾಡುತ್ತಿದ್ದ ಕಲ್ಲಿನಡಿಗೆ ಒತ್ತಿ, ಅಜ್ಜನನ್ನು ಮತ್ತೆ ಕೂಡಿಸಿ, ಗಿಂಡಿ ಎತ್ತಿಕೊಂಡು ಅವನ ಕೈಮೇಲೆ ನೀರು ಬಿಟ್ಟೆ. ನಾನೇ ಮಾಡಿದ ನೆಗ್ಗಿನಲ್ಲಿ ನನ್ನ ಹೆಬ್ಬೆರಳು ಹದವಾಗಿ ಕೂತಿತು.

ಅಜ್ಜ ಒಮ್ಮೆ ಕೆಮ್ಮಿದ. ಇಲ್ಲದ ಕನ್ನಡಕವನ್ನು ಸರಿಪಡಿಸಿಕೊಂಡು, ಒದ್ದೆ ಬೆರಳೊಂದನ್ನು ಮೇಲೆತ್ತಿ, ಥೇಟ್ ನನ್ನ ಹಾಗೆ ಗುಡುಗಿದ: "ನನ್ನ ಮನೆಯಿಂದಲೇ ಆರಂಭ!"