ಶುಕ್ರವಾರ ಇಳಿಯುವ ಗೆರೆ

ನನ್ನ ಮೊಮ್ಮಗಳು ಇವತ್ತು ಪಾರ್ಟ್ನರ್ ಆದಳು! ಬೆಳಿಗ್ಗೆ ಹನ್ನೊಂದು ಗಂಟೆಗೆ ವೈಟ್‌ಫೀಲ್ಡಿನ ಆಫೀಸಿನಿಂದ ಫೋನು ಮಾಡಿ, ಮೊದಲು ಅವರಮ್ಮನಿಗಲ್ಲ, ಅವರಪ್ಪನಿಗಲ್ಲ, ನನಗೇ ಹೇಳಿದಳು. "ಅಜ್ಜೀ, ಆಯ್ತು ಕಣಜ್ಜಿ. ಮಾಡ್ಬಿಟ್ರು," ಎಂದಳು. ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಎದ್ದ ರಭಸಕ್ಕೆ ಮಡಿಲಲ್ಲಿದ್ದದ್ದೆಲ್ಲ ನೆಲದ ಪಾಲಾಯಿತು. ಬೀದಿಗೆ ಬಂದೆ. ಎದುರು ಮನೆಯ ಬಾಗಿಲು ಹಾಕಿತ್ತು, ಪಕ್ಕದವರು ಡ್ಯೂಟಿಗೆ ಹೋಗಿದ್ದರು. ಹೇಳಿಕೊಳ್ಳಲು ಯಾರೂ ಸಿಗದೆ ತರಕಾರಿ ಗಾಡಿಯವನನ್ನು ನಿಲ್ಲಿಸಿ ಹೇಳಿದೆ.

"ಒಳ್ಳೇದಾಯ್ತು ಬಿಡಕ್ಕ. ಏನ್ ಕೆಲ್ಸ ಅವ್ರದ್ದು?" ಎಂದ.

ಅಲ್ಲಿ ಸಿಕ್ಕಿಬಿದ್ದೆ. ಆ ಕೆಲಸ ಏನೆಂದು ಒಂದೇ ಉಸಿರಿನಲ್ಲಿ ಹೇಳುವುದು ಇವತ್ತಿಗೂ ನನಗೆ ಕಷ್ಟ. ಆದರೆ ಗೊತ್ತಿಲ್ಲ ಎನ್ನುವ ಹಾಗಿಲ್ಲ, ಇಷ್ಟು ವರ್ಷ ಅವಳ ಬೆನ್ನು ಬಿದ್ದು ಕೇಳಿ ಕೇಳಿ ತಿಳಿದುಕೊಂಡಿದ್ದೇನೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಮದುವೆಯಾಗಿ ಪೀಣ್ಯಕ್ಕೆ ಬಂದವಳು ಇಪ್ಪತ್ತೆರಡು ವರ್ಷ ಒಂದು ಸಣ್ಣ ಶೆಡ್ಡಿನಲ್ಲಿ ಅರ ಹಿಡಿದು ಕೂತೆ. ಲೇತಿನಿಂದ ಇಳಿದ ಕಬ್ಬಿಣದ ತುಂಡಿನ ಅಂಚಿನಲ್ಲಿ ಕೂದಲೆಳೆಯಷ್ಟು ಮುಳ್ಳು ಎದ್ದಿರುತ್ತದೆ. ಅದನ್ನು ಅರದಿಂದ ಉಜ್ಜಿ, ಹೆಬ್ಬೆರಳಲ್ಲಿ ಸವರಿ ನೋಡಿ ಡಬ್ಬಕ್ಕೆ ಹಾಕುವುದು ನನ್ನ ಕೆಲಸವಾಗಿತ್ತು. ನಮ್ಮ ಯಜಮಾನರು ಅದೇ ರಸ್ತೆಯ ಇನ್ನೊಂದು ಶೆಡ್ಡಿನಲ್ಲಿ ಲೇತು ನಡೆಸುವ ಟರ್ನರ್ ಆಗಿದ್ದರು. ಮೆಷಿನ್ ಸದ್ದಿಗೆ ಎಡಗಿವಿ ಕೊಟ್ಟು ರಿಟೈರ್ ಆದರು. ಮಗ ಜಾಲಹಳ್ಳಿ ಕಡೆಯ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಾನೆ, ಸೊಸೆ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಅವರಿಬ್ಬರ ಒಬ್ಬಳೇ ಮಗಳು ಇವಳು.

ಎಂಜಿನಿಯರಿಂಗ್ ಮುಗಿಸಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಎರಡು ವರ್ಷ ದುಡಿದು, ಮತ್ತೆ ಏನೋ ಓದಿ, ಈ ವೈಟ್‌ಫೀಲ್ಡಿನ ಕೆಲಸಕ್ಕೆ ಅವಳು ಸೇರಿದ ದಿನ ನಾನು ಕೇಳಿದ್ದೆ:

"ಅಲ್ಲಿ ಏನ್ ಮಾಡ್ತಾರೆ?"

"ನಾವೇನೂ ಮಾಡಲ್ಲ ಅಜ್ಜಿ. ಮಾಡೋರಿಗೆ ದುಡ್ಡು ಕೊಡ್ತೀವಿ."

"ಯಾರ ದುಡ್ಡು?"

"ಬೇರೆಯವ್ರದ್ದು."

ಯಜಮಾನರು ಬಲಗಿವಿಯನ್ನು ಇತ್ತ ತಿರುಗಿಸಿ, "ಅತ್ತೆ ಒಡವೆ ಅಳಿಯ ದಾನ ಮಾಡ್ದಂಗೆ ಅನ್ನು," ಎಂದರು. ಅವಳು ತಾತನ ಮೊಣಕೈಗೆ ಗುದ್ದಿದಳು.

ನನಗೆ ಮಾತ್ರ ಅಂದಿನಿಂದ ನಿದ್ದೆ ಬರಲಿಲ್ಲ ಎನ್ನಿ. ಕೊಟ್ಟ ದುಡ್ಡು ಮುಳುಗಿದರೆ? ವಾಪಸು ಕೇಳುವುದಿಲ್ಲವಂತೆ! ಅದು ಸಾಲ ಅಲ್ಲ, ಪಾಲು ಎಂದಳು. ಆಗ ನನಗೆ ತಟ್ಟನೆ ಹೊಳೆಯಿತು. ನನ್ನ ತವರಿನಲ್ಲಿ ಕಡಸನ್ನು ಪಾಲಿಗೆ ಬಿಡುತ್ತಿದ್ದರು. ಕಡಸು ನಮ್ಮದು, ಮೇಯಿಸಿ ಸಾಕುವುದು ಅವರು. ಕರು ಹಾಕಿದರೆ ಇಬ್ಬರಿಗೂ ಪಾಲು. ಕಡಸು ಸತ್ತರೆ ಯಾರೂ ಯಾರ ಮನೆ ಬಾಗಿಲಿಗೂ ಹೋಗುವ ಹಾಗಿಲ್ಲ. ಇದನ್ನು ಹೇಳಿದಾಗ ಮೊಮ್ಮಗಳು ನನ್ನ ಮುಖ ನೋಡಿ, "ಅಜ್ಜಿ, ಇದನ್ನ ತಿಳ್ಕೊಳ್ಳೋಕೆ ನಾನು ಎರಡು ವರ್ಷ ಫೀಸ್ ಕಟ್ಟಿದೀನಿ," ಎಂದಳು. ಸರಿ, ಹಾಗಾದರೆ ಯಾವ ಮನೆಗೆ ಕಡಸು ಬಿಡಬೇಕೆಂದು ಗೊತ್ತಾಗುವುದು ಹೇಗೆ? ಅದೇ ಅವಳ ಕೆಲಸ. ವಾರಕ್ಕೆ ಹತ್ತು ಹದಿನೈದು ಜನ ಬಂದು ನಾವು ಇಂಥದ್ದು ಮಾಡುತ್ತೇವೆ ಎಂದು ಹೇಳಿಕೊಳ್ಳುತ್ತಾರೆ. ಕೇಳಿ ಕೇಳಿ, ಹೆಚ್ಚುಕಡಿಮೆ ಎಲ್ಲರಿಗೂ ಇಲ್ಲ ಎನ್ನಬೇಕು.

"ಇಲ್ಲ ಅನ್ನೋಕೆ ಸಂಬ್ಳ ಕೊಡ್ತಾರಾ?" ಎಂದೆ.

"ಹೂಂ ಕಣಜ್ಜಿ. ಚೆನ್ನಾಗೇ ಕೊಡ್ತಾರೆ."

"ಹೆಣ್ಣು ನೋಡೋಕೆ ಬಂದಂಗೆ. ಕಾಫಿ ತಿಂಡಿ ಮುಗ್ಸಿ, ಊರಿಗೋಗಿ ಕಾಗ್ದ ಬರಿತೀವಿ ಅನ್ನೋದು."

"ಹಂಗೇ. ಆದ್ರೆ ಕಾಫಿ ನಾವೇ ಕೊಡ್ತೀವಿ."

ಒಂದು ದಿನ ಹಟ ಹಿಡಿದು ಅವಳ ಜೊತೆ ಮೆಟ್ರೊ ಹತ್ತಿ ಆ ಆಫೀಸಿಗೂ ಹೋಗಿ ಬಂದೆ. ಗಾಜಿನ ರೂಮು. ಒಳಗೆ ಇವಳೂ ಸೇರಿ ಏಳೆಂಟು ಜನರ ಮುಂದೆ ಒಬ್ಬ ಯುವಕ ಗೋಡೆಯ ಮೇಲೆ ಚಿತ್ರ ಬಿಟ್ಟುಕೊಂಡು ಕೈ ಆಡಿಸಿ ಮಾತಾಡುತ್ತಿದ್ದ. ನಾನು ಹೊರಗೆ ಸೋಫಾದಲ್ಲಿ. ಮಾತು ಕೇಳಿಸುವುದಿಲ್ಲ, ಮುಖ ಮಾತ್ರ ಕಾಣುತ್ತದೆ. ಅವನು ಬಹಳ ಹೊತ್ತು ಹೇಳಿದ. ಇವಳು ಒಂದೇ ಒಂದು ಮಾತು ಕೇಳಿದಳು. ಅವನ ಕೈ ಆಡುವುದು ನಿಂತುಹೋಯಿತು. ಆಮೇಲೆ ಏನು ಕೇಳಿದೆ ಎಂದರೆ, "ನಿಮ್ಮ ಮೊದಲನೇ ಗಿರಾಕಿ ಯಾಕೆ ಬಿಟ್ಟುಹೋದ್ರು ಅಂತ ಕೇಳ್ದೆ ಅಜ್ಜಿ," ಎಂದಳು. ಅಷ್ಟು ಜನರ ಮುಂದೆ ಹಾಗೆ ಕೇಳಬಹುದೇ ಎಂದು ನನಗೆ ಅನ್ನಿಸಿತು. ಕೇಳದೆ ಹೂಂ ಎಂದರೆ ಇನ್ನೂ ಕೆಟ್ಟದ್ದು ಎಂದು ಆಮೇಲೆ ಅನ್ನಿಸಿತು.

ಅವಳು ಹೂಂ ಎಂದ ಕಂಪನಿಗಳಲ್ಲಿ ಒಂದು ಮಾತ್ರ ಪೂರಾ ಅವಳದು. ಉಳಿದವರೆಲ್ಲ ಬೇಡ ಎಂದಾಗ ಇವಳೊಬ್ಬಳೇ ನಿಂತು ಕೊಡಿಸಿದ್ದು. ಅತ್ತಿಬೆಲೆಯ ಒಬ್ಬ ಹುಡುಗಿ ಬೆಂಕಿಪೊಟ್ಟಣದಷ್ಟು ಒಂದು ಪೆಟ್ಟಿಗೆ ಮಾಡಿದ್ದಳು. ತಳದಲ್ಲಿ ಅಯಸ್ಕಾಂತ. ಅದನ್ನು ಮೆಷಿನ್ನಿಗೆ ಅಂಟಿಸಿದರೆ ಅದರ ನಡುಕ ಕೇಳಿಸಿಕೊಂಡು, ಕತ್ತರಿಸುವ ಟೂಲು ಮುರಿಯುವ ಮೊದಲೇ ಫೋನಿಗೆ ಹೇಳುತ್ತದೆ. ಯಜಮಾನರು, "ಅದ್ನ ನಾನು ಒಂದ್ ಕಿವೀಲೇ ಕೇಳ್ತಿದ್ದೆ," ಎಂದರು. ನಿಜ. ಆದರೆ ಅಂಥ ಕಿವಿಗಳೆಲ್ಲ ರಿಟೈರ್ ಆಗುತ್ತಿವೆಯಲ್ಲ!

ಈ ವರ್ಷ ಅವಳನ್ನು ಪಾರ್ಟ್ನರ್ ಮಾಡುವ ಮಾತಿತ್ತು. ಅದು ಈ ಪೆಟ್ಟಿಗೆಯ ಮೇಲೆ ನಿಂತಿತ್ತು. ಪೆಟ್ಟಿಗೆ ಗೆದ್ದರೆ ಇವಳ ಕಣ್ಣು ಸರಿಯಾಗಿದೆ ಎಂದು ಲೆಕ್ಕ. ಬಿದ್ದರೆ ಬೇರೆ ಕೆಲಸ ಹುಡುಕಿಕೊಳ್ಳುವುದು ಒಳ್ಳೆಯದು. ಅವಳೇ ಹಾಗೆ ಹೇಳಿದ್ದಳು.

ಹೀಗಿರುವಾಗ ಕಳೆದ ತಿಂಗಳು ಒಂದು ಗುರುವಾರ ಮುಖ ಸಣ್ಣ ಮಾಡಿಕೊಂಡು ಬಂದಳು. ನಮ್ಮದೇ ಪೀಣ್ಯದ ಒಂದು ಶೆಡ್ಡಿನಲ್ಲಿ ಹಿಂದಿನ ವಾರದ ಕೊನೆಗೆ ಟೂಲು ಮುರಿದಿತ್ತು, ಪೆಟ್ಟಿಗೆ ಬಾಯಿ ಬಿಟ್ಟಿರಲಿಲ್ಲ. ಒಂದು ಲೋಡು ಮಾಲು ಕೆಟ್ಟಿತು. ಓನರ್ರು ನಿಮ್ಮ ಡಬ್ಬಿ ಕಿತ್ತುಕೊಂಡು ಹೋಗಿ ಎಂದಿದ್ದರು. ಸೋಮವಾರ ಅವಳ ಆಫೀಸಿನ ದೊಡ್ಡವರು ಕೂತು, ಈ ಕಂಪನಿಗೆ ಇನ್ನು ದುಡ್ಡು ಹಾಕುವುದೋ ಕೈ ಬಿಡುವುದೋ ತೀರ್ಮಾನ ಮಾಡುವವರಿದ್ದರು.

ಚಾಪೆಯ ಮೇಲೆ ಮಲಗಿ ಫೋನಿನಲ್ಲಿ ಒಂದು ಗೆರೆ ತೋರಿಸಿದಳು. ಪೆಟ್ಟಿಗೆ ಎಷ್ಟು ಚೆನ್ನಾಗಿ ಕೇಳಿಸಿಕೊಳ್ಳುತ್ತಿದೆ ಎನ್ನುವ ಗೆರೆ. ನೆಟ್ಟಗೆ ಹೋಗಿ, ದಬಕ್ಕನೆ ಇಳಿದು, ನಿಧಾನವಾಗಿ ಮತ್ತೆ ಏರುತ್ತಿತ್ತು. ಮತ್ತೆ ಇಳಿಯುತ್ತಿತ್ತು.

"ಇದು ಯಾವ್ ದಿನ?" ಎಂದೆ.

"ಶುಕ್ರವಾರ."

"ಇದು?"

"ಅದೂ ಶುಕ್ರವಾರ. ಎಲ್ಲಾ ಶುಕ್ರವಾರಾನೇ ಅಜ್ಜಿ. ಮಂಗಳವಾರದ ಹೊತ್ತಿಗೆ ಸರಿ ಹೋಗುತ್ತೆ. ಒಂದು ತಿಂಗಳಿಂದ ಪ್ರೋಗ್ರಾಮ್ ಎಲ್ಲಾ ತಿರುಗಿಸಿ ನೋಡಿದಾರೆ."

ಶುಕ್ರವಾರ ಕರೆಂಟು ಹೆಚ್ಚುಕಡಿಮೆ ಆಗುತ್ತದೇನೋ ಎಂದೆ. ಅದನ್ನು ನೋಡಿಯಾಗಿತ್ತು. ಶುಕ್ರವಾರ ಮೆಷಿನ್ ತೊಳೆಯುತ್ತಾರೇನೋ ಎಂದೆ. ತೊಳೆಯುವುದು ಶನಿವಾರ ಸಂಜೆ. ನನ್ನ ತಲೆ ಓಡಲಿಲ್ಲ. ಆದರೆ ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆ ಹುಟ್ಟಿಬಿಟ್ಟಿತು. "ನನ್ನೂ ಕರ್ಕೊಂಡೋಗೆ," ಎಂದೆ. ಸೊಸೆ, "ಅತ್ತೆ, ಅವ್ಳೇ ಟೆನ್ಶನ್ನಲ್ಲಿದಾಳೆ, ನೀವೊಬ್ರು," ಎಂದು ಗದರಿದಳು. ಮೊಮ್ಮಗಳೇ, "ಬರ್ಲಿ ಬಿಡಮ್ಮ, ಬೇರೆ ದಾರಿ ಏನಿದೆ," ಎಂದಳು.

ಶನಿವಾರ ಬೆಳಿಗ್ಗೆ ಆಟೊದಲ್ಲಿ ಹೋದೆವು. ಪೆಟ್ಟಿಗೆ ಮಾಡಿದ ಹುಡುಗಿಯೂ ಅತ್ತಿಬೆಲೆಯಿಂದ ಬಂದಿದ್ದಳು. ಊರಿನ ಆ ತುದಿಯಿಂದ ಈ ತುದಿಗೆ ಒಂದು ದಿನವೇ ಹೋಗುತ್ತದೆ, ಹಾಗಾಗಿ ಅವಳು ಇಲ್ಲಿಗೆ ಬರುತ್ತಿದ್ದದ್ದು ಬುಧವಾರ ಮಾತ್ರವಂತೆ. ಶೆಡ್ಡಿನ ಒಳಗೆ ಕಾಲಿಟ್ಟದ್ದೇ ಎಣ್ಣೆ ಕಬ್ಬಿಣ ಸೇರಿದ ಆ ವಾಸನೆ ಮೂಗಿಗೆ ಬಡಿದು, ನನ್ನ ಬೆರಳು ತಾನಾಗಿ ಪಕ್ಕದ ಟ್ರೇಯಲ್ಲಿದ್ದ ತುಂಡಿನ ಅಂಚು ಸವರಿತು. ಮುಳ್ಳು ಸರಿಯಾಗಿ ತೆಗೆದಿರಲಿಲ್ಲ. ಬಾಯಿ ಮುಚ್ಚಿಕೊಂಡೆ.

ಆ ಮೆಷಿನ್ ನಡೆಸುವವನಿಗೆ ಐವತ್ತರ ಹತ್ತಿರ ವಯಸ್ಸು. ಕೈ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತಿದ್ದ. ಮೆಷಿನ್ನಿನ ತಲೆಯ ಭಾಗಕ್ಕೆ ಗಂಧ ಬಳಿದು, ಮೇಲೊಂದು ಸೇವಂತಿಗೆ ಸಿಕ್ಕಿಸಿತ್ತು. ಪೆಟ್ಟಿಗೆ ಸರಿಯಾಗಿ ಆ ಗಂಧದ ನಡುವೆ ಕೂತಿತ್ತು. ಅದರ ಅಂಚಿನಿಂದ ಒಂದು ಚೂರು ಕೆಂಪು ಇಣುಕುತ್ತಿತ್ತು.

"ಪೂಜೆ ಯಾವಾಗಪ್ಪ ಮಾಡ್ತೀಯ?" ಎಂದು ಕೇಳಿದೆ.

"ಶುಕ್ರವಾರ ಬೆಳಿಗ್ಗೆ ಕಣಮ್ಮ. ಸ್ವಿಚ್ ಹಾಕೋಕ್ ಮುಂಚೆ."

"ಈ ಪೆಟ್ಟಿಗೇನ ಏನ್ ಮಾಡ್ತೀಯ ಆವಾಗ?"

ಅವನು ಒಮ್ಮೆ ಮೊಮ್ಮಗಳ ಕಡೆ ನೋಡಿದ. "ಉಷಾರಾಗಿ ತೆಗೀತೀನಮ್ಮ. ಗಂಧ, ಕುಂಕ್ಮ ಇಕ್ಕಿ, ಮತ್ತೆ ಅದೇ ಜಾಗಕ್ಕೆ ಕೂರುಸ್ತೀನಿ. ಒಂಚೂರೂ ಅತ್ಲಾಗೆ ಇತ್ಲಾಗೆ ಆಗಾಕೆ ಬುಟ್ಟಿಲ್ಲ."

ಮೊಮ್ಮಗಳು ಪೆಟ್ಟಿಗೆಯನ್ನು ಕಿತ್ತು ತಿರುಗಿಸಿದಳು. ತಳದ ತುಂಬ ಕೆಂಪು ಹಕ್ಕಳೆ. ಅತ್ತಿಬೆಲೆಯ ಹುಡುಗಿ ಕ್ರೇಟಿನ ಮೇಲೆ ಕುಸಿದು ಕೂತು, "ಅಯ್ಯೋ, ಇದನ್ನ ನಾನು ತುಕ್ಕು ಅಂದ್ಕೊಂಡಿದ್ದೆ," ಎಂದಳು. ಶುಕ್ರವಾರ ಬಳಿದ ಗಂಧ ನಡುವೆ ಅಡ್ಡ ಬಂದು ನಡುಕ ಪೆಟ್ಟಿಗೆಗೆ ಮುಟ್ಟುತ್ತಿರಲಿಲ್ಲ. ಅವಳು ಬರುವ ಬುಧವಾರಕ್ಕೆ, ಓಡುವ ಮೆಷಿನ್ನಿಗೆ ಸುರಿಯುವ ಎಣ್ಣೆ ನೀರು ಬಿದ್ದೂ ಬಿದ್ದೂ ಗಂಧ ಕರಗಿ, ಕಬ್ಬಿಣಕ್ಕೆ ಅಯಸ್ಕಾಂತ ತಾಗಿ, ಎಲ್ಲ ಸರಿಯಾಗಿರುತ್ತಿತ್ತು. ಬಟ್ಟೆಯಿಂದ ಒರೆಸಿ ಬರಿ ಕಬ್ಬಿಣಕ್ಕೆ ಅಂಟಿಸಿ ಮೆಷಿನ್ ಓಡಿಸಿದರು. ನಮ್ಮ ಮೂವರ ತಲೆಯೂ ಒಂದೇ ಫೋನಿನ ಮೇಲೆ ಬಾಗಿತು. ಗೆರೆ ಎದ್ದು ನಿಂತಿತು.

ಆ ಮನುಷ್ಯನ ಮುಖ ಬಾಡಿಹೋಗಿತ್ತು. "ಅಂಗಾರೆ ನನ್ನಿಂದ ಆಯ್ತಾ ಮೇಡಂ, ಮಾಲು ಕೆಟ್ಟಿದ್ದು?"

"ನಿಮ್ಮಿಂದ ಅಲ್ಲ ಅಣ್ಣ," ಎಂದಳು ನನ್ನ ಮೊಮ್ಮಗಳು. "ನೀವು ಪೂಜೆ ಮಾಡೋ ಜಾಗದಲ್ಲಿ ನಾವು ಬಂದು ಕೂತ್ವಿ. ಒಂದು ಮಾತು ಕೇಳ್ಬೇಕಿತ್ತು."

ಬೇರೆ ಕಡೆ ಅಂಟಿಸೋಣ ಎಂದರೆ ಆ ಹುಡುಗಿ ಒಪ್ಪಲಿಲ್ಲ. ಒಳಗೆ ಬೇರಿಂಗ್ ಇರುವುದು ಅಲ್ಲೇ, ನಡುಕ ಚೆನ್ನಾಗಿ ಕೇಳುವುದು ಅಲ್ಲೇ. ಪೂಜೆ ಬೇರೆ ಕಡೆ ಮಾಡು ಎಂದರೆ ಅವನಿಗೆ ಮನಸ್ಸಿಲ್ಲ. ಆ ಮೆಷಿನ್ ಬಂದ ದಿನದಿಂದ ಅಲ್ಲೇ ಇಟ್ಟಿರುವುದು. ನನಗೆ ಇದೇ ಸೋಜಿಗವಾಯಿತು. ಇಷ್ಟು ದೊಡ್ಡ ಮೆಷಿನ್ನಿನಲ್ಲಿ ಜೀವ ಇರುವ ಜಾಗ ಯಾವುದು ಎಂದು ಇಬ್ಬರೂ ಒಬ್ಬರನ್ನೊಬ್ಬರು ಕೇಳದೆ ಒಂದೇ ಕಡೆ ಬೆರಳಿಟ್ಟಿದ್ದರು.

"ಬೀರೂಗೆ ಪೂಜೆ ಮಾಡೋವಾಗ ಬೀಗಕ್ಕೂ ಕುಂಕ್ಮ ಇಕ್ಕಲ್ವಾ? ಅಂಗೇ ಈ ಪೆಟ್ಟಿಗೆ ಮ್ಯಾಲೆ ಇಕ್ಕಪ್ಪಾ. ಕೆಳ್ಗಡೆ ಮಾತ್ರ ಬರಿ ಕಬ್ಣ ಇರ್ಲಿ," ಎಂದೆ. ನಾನೇನೂ ಜಾಣೆಯಲ್ಲ. ನಮ್ಮ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ ಶುಕ್ರವಾರದ ಕುಂಕುಮ ಇಟ್ಟವಳು ನಾನೇ, ಅದಕ್ಕೆ ಬಾಯಿಗೆ ಬಂತು.

ಅವನು ಪೆಟ್ಟಿಗೆಯ ಮೇಲ್ಭಾಗವನ್ನು ಒಮ್ಮೆ ಸವರಿ ನೋಡಿದ. "ಆಯ್ತದೆ ಬಿಡಮ್ಮ," ಎಂದ. ಮೇಲೆ ಕುಂಕುಮ ಇಟ್ಟರೆ ಪೆಟ್ಟಿಗೆಗೆ ಏನೂ ಆಗುವುದಿಲ್ಲವೆಂದು ಹುಡುಗಿಯೂ ಹೇಳಿದಳು.

ಸೋಮವಾರ ಅವಳು ದೊಡ್ಡವರ ಮುಂದೆ ಯಾವುದನ್ನೂ ಮುಚ್ಚಿಡಲಿಲ್ಲವಂತೆ. ಪೆಟ್ಟಿಗೆಯಲ್ಲಿ ದೋಷವಿಲ್ಲ, ನನ್ನಲ್ಲಿದೆ ಎಂದು ಶುರು ಮಾಡಿದಳಂತೆ. ನೂರು ಜನರಿಗೆ ನೂರು ಪ್ರಶ್ನೆ ಕೇಳುವ ನಾನು ಒಂದು ಶುಕ್ರವಾರವೂ ಆ ಶೆಡ್ಡಿಗೆ ಹೋಗಿರಲಿಲ್ಲ ಎಂದಳಂತೆ. ಇನ್ನು ಮುಂದೆ ಪೆಟ್ಟಿಗೆ ಅಂಟಿಸುವ ಮೊದಲು ಕಂಪನಿಯವರು ಒಂದು ವಾರ ಪೂರಾ ಆ ಶೆಡ್ಡಿನಲ್ಲಿ ಕೂತು ನೋಡಬೇಕೆಂದು ಷರತ್ತು ಹಾಕಿದ್ದಾಳೆ. ದೊಡ್ಡವರು ನಾಲ್ಕು ಶುಕ್ರವಾರ ನೋಡೋಣ ಎಂದರು. ನಾಲ್ಕು ಶುಕ್ರವಾರವೂ ನಾನು ಬೆಳಿಗ್ಗೆಯಿಂದ ಫೋನಿನ ಪಕ್ಕ ಕೂತಿದ್ದೆ. "ನೆಟ್ಟಗಿದೆ ಅಜ್ಜಿ," ಎಂದು ಅವಳು ಹೇಳಿದ ಮೇಲೇ ತಿಂಡಿ ತಿಂದದ್ದು. ಮಾಲು ಕೆಡಿಸಿಕೊಂಡ ಓನರ್ರು ಇನ್ನೆರಡು ಮೆಷಿನ್ನಿಗೂ ಅಂಟಿಸಿ ಎಂದಿದ್ದಾರೆ.

ಇವತ್ತು ಮಧ್ಯಾಹ್ನವೇ ಒತ್ತು ಶಾವಿಗೆಯ ಒರಳು ಅಟ್ಟದಿಂದ ಇಳಿಯಿತು. ಮಗ ಅರ್ಧ ದಿನ ರಜೆ ಹಾಕಿ ಬಂದು ಬನಿಯನ್ನಿನಲ್ಲೇ ಒತ್ತಿದ. ಸೊಸೆ ಕೋಳಿ ಸಾರಿಗೆ ಮಸಾಲೆ ಅರೆದಳು. ನಾನು ಕಾಯಿಹಾಲು ಹಿಂಡಿ ಬೆಲ್ಲ ಹಾಕಿದೆ. ಮೊಮ್ಮಗಳು ಮೆಟ್ರೊ ಇಳಿದು ಮನೆಗೆ ಬಂದಾಗ ಏಳೂವರೆ. ಅವಳ ಕೆನ್ನೆ ಎರಡೂ ಕೈಯಲ್ಲಿ ಹಿಡಿದುಕೊಂಡೆ. "ಕೈ ಕಾಯಿಹಾಲು ಅಜ್ಜಿ, ಅಂಟ್ತಿದೆ," ಎಂದು ನಕ್ಕಳು.

ಐದೂ ಜನ ನೆಲದ ಮೇಲೆ ಸುತ್ತ ಕೂತೆವು. ಅವಳಿಗೆ ಬಡಿಸಿದ್ದು ಸಾಲದು ಎಂದು ನಾನೂ, ಸಾಕು ಎಂದು ಅವಳೂ ಜಗಳವಾಡುವಷ್ಟರಲ್ಲಿ ಯಜಮಾನರು ಬಲಗಿವಿಯನ್ನು ಅವಳ ಕಡೆ ಇಟ್ಟು, "ನಾಳೆ ಯಾರು ಬತ್ತಾರವ್ವ, ದುಡ್ಡು ಕೇಳಾಕೆ?" ಎಂದರು.

"ಒಬ್ರು ಕೊಳಚೆ ನೀರಿಂದ ಬಣ್ಣ ಬೇರೆ ಮಾಡ್ತೀನಿ ಅಂತಿದಾರೆ ತಾತ. ಬಟ್ಟೆಗೆ ಬಣ್ಣ ಹಾಕೋ ಫ್ಯಾಕ್ಟರೀಲಿ."

"ಎಂಗೆ ಬೇರೆ ಮಾಡ್ತಾರೆ?"

"ಅದೇ ನಂಗೂ ಗೊತ್ತಾಗಿಲ್ಲ."

"ತೆಗೆದ ಬಣ್ಣ ಏನ್ ಮಾಡ್ತಾರೆ?" ಎಂದು ನಾನು ಕೇಳಿದೆ. ಮಗನೂ ಏನೋ ಕೇಳಿದ. ಅವಳು ಎಡಗೈಯಲ್ಲಿ ಗಾಳಿಯಲ್ಲೇ ಪೈಪು, ತೊಟ್ಟಿ ಬರೆದು ತೋರಿಸತೊಡಗಿದಳು. ಸೊಸೆ ಸೌಟು ಎತ್ತಿಕೊಂಡು, "ಮೊದ್ಲು ಉಣ್ರೀ ಎಲ್ರೂ, ಸಾರು ಆರ್ತಿದೆ," ಎಂದಳು. ಉಂಡೆವು.