ಟ್ರಂಕಿನೊಳಗಿನ ಎಮ್ಮೆ

ನಮ್ಮ ಮನೆಗೆ ಹೊಸ ಪುಸ್ತಕ ಬಂದ ದಿನ ಅದನ್ನು ಯಾರೂ ಓದುತ್ತಿರಲಿಲ್ಲ. ಮೊದಲು ಬೈಂಡ್ ಹಾಕಬೇಕಿತ್ತು. ರಾಯಚೂರಿನ ಅಕ್ಕಿ ಗಿರಣಿಗಳ ಹಿಂದಿನ ಓಣಿಯಲ್ಲಿ ನಮ್ಮದು ಎರಡು ಕೋಣೆಯ ಮನೆ. ಅಪ್ಪ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಇದಕ್ಕೆಂದೇ ಸುರುಳಿ ಸುತ್ತಿ ಇಡುತ್ತಿದ್ದರು. ಕಚೇರಿಯಿಂದ ಬಂದು, ಕೈ ತೊಳೆದು, ಚಾದರ ಹಾಸಿ ಕೂತು, ಮೂಲೆಗಳನ್ನು ಉಗುರಿನಿಂದ ಒತ್ತಿ ಮಡಚುತ್ತಿದ್ದರು. ತಪ್ಪಿ ಪುಸ್ತಕಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳಬೇಕು. ಉಣ್ಣುವಾಗ ಮುಟ್ಟಬಾರದು. ವರ್ಷ ಮುಗಿದ ಮೇಲೂ ನನ್ನ ಪುಸ್ತಕಗಳು ಹೊಸವುಗಳಂತೆಯೇ ಇರುತ್ತಿದ್ದವು, ಅಪ್ಪ ಅವನ್ನು ಮನೆಗೆ ಬಂದವರಿಗೆ ತೋರಿಸುತ್ತಿದ್ದರು. ಅವರ ಮನೆತನದಲ್ಲಿ ಮೊದಲು ಶಾಲೆಯ ಒಳಗೆ ಕೂತವರು ಅವರೇ. ಆ ಎಚ್ಚರ ಎಲ್ಲಿಂದ ಬಂದದ್ದೆಂದು ನನಗೆ ಗೊತ್ತಿತ್ತು. ಹಾಗಾಗಿ ಅದನ್ನು ಎಂದೂ ಪ್ರಶ್ನಿಸಲಿಲ್ಲ.

ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ಮುಂದೆ ನಾನು ಮಾಡಿದ ತಪ್ಪು ಆ ಚಾದರದ ಮೇಲೆಯೇ ಕಲಿತದ್ದು.

ಎಂ.ಎ. ಮುಗಿಸಿದ ಮೇಲೆ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದೆ. ಐದು ವರ್ಷದೊಳಗಿನ ಮಕ್ಕಳಿಗೆ ತಿಂಗಳಿಗೊಂದು ಚಿತ್ರಪುಸ್ತಕವನ್ನು ಉಚಿತವಾಗಿ ಕೊಡುವುದು ಅದರ ಕೆಲಸ. ಪುಸ್ತಕ ಮಗುವಿನ ಸ್ವಂತದ್ದು, ತಿರುಗಿ ಕೇಳುವುದಿಲ್ಲ. ಶಾಲೆಗೆ ಹೋಗುವ ಮೊದಲೇ ಮನೆಯವರ ತೊಡೆಯ ಮೇಲೆ ಮಗುವಿಗೆ ಪುಸ್ತಕದ ರೂಢಿಯಾಗಲಿ ಎಂಬುದು ಉದ್ದೇಶ. ದೇವದುರ್ಗ ಮತ್ತು ಮಾನ್ವಿ ತಾಲೂಕಿನ ಕೆಲವು ಅಂಗನವಾಡಿಗಳು ನನ್ನ ಪಾಲಿಗೆ ಬಂದವು. ಪುಸ್ತಕದ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದೆ. ಮಾತು ಕಡಿಮೆಯಾದವಳಿಗೆ ಕಟ್ಟೊಂದು ತೊಡೆಯ ಮೇಲಿದ್ದರೆ ಅನುಕೂಲ. ಪಕ್ಕದವರು ನನ್ನನ್ನು ಬಿಟ್ಟು ಅದರ ಬಗ್ಗೆಯೇ ಕೇಳುತ್ತಾರೆ.

ಗಬ್ಬೂರಿನ ಅಂಗನವಾಡಿಯಲ್ಲಿ ಮೊದಲ ಪುಸ್ತಕ ಕೊಟ್ಟ ದಿನ ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಎಲ್ಲವನ್ನೂ ಹೇಳಿದೆ. ಕೊನೆಗೆ, ಚೀಟಿಯಲ್ಲಿ ಇಲ್ಲದ ಒಂದು ಮಾತನ್ನು ಸೇರಿಸಿದೆ: "ಪುಸ್ತಕಾನ ಜೋಪಾನವಾಗಿ ಇಟ್ಕೊಳ್ರಿ." ತಾಯಂದಿರು ತಲೆಯಾಡಿಸಿದರು. ಕೆಲವರು ಪುಸ್ತಕವನ್ನು ಕಣ್ಣಿಗೊತ್ತಿಕೊಂಡರು. ನನಗೆ ಸಂತೋಷವಾಯಿತು.

ಸಂಸ್ಥೆಗೆ ಒಂದು ನಿಯಮವಿತ್ತು. ಮೂರು ಪುಸ್ತಕ ಕೊಟ್ಟ ಮೇಲೆ ಪ್ರತಿ ಮನೆಗೂ ಹೋಗಿ ನೋಡಬೇಕು. ಪುಸ್ತಕ ಬಳಕೆಯಾಗುತ್ತಿಲ್ಲವೆಂದು ಕಂಡರೆ ಆ ಮಗುವಿನ ಹೆಸರು ತೆಗೆದು, ಕಾಯುತ್ತಿರುವ ಇನ್ನೊಂದು ಮಗುವಿನ ಹೆಸರು ಸೇರಿಸಬೇಕು. ಪುಸ್ತಕಗಳು ಕಡಿಮೆ ಇದ್ದವು, ಕೇಳುವವರು ಹೆಚ್ಚು. ನಿಯಮ ಸರಿಯೆಂದೇ ನನಗೂ ಅನ್ನಿಸಿತ್ತು.

ಗಬ್ಬೂರಿನಲ್ಲಿ ಹಾಗೆ ನೋಡಲು ಹೋದಾಗ ಆರನೆಯದು ಒಬ್ಬ ಅಜ್ಜಿಯ ಮನೆ. ಮಗಳು ರಾಯಚೂರಿನ ಹತ್ತಿ ಜಿನ್ನಿಂಗ್‌ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದಳು. ಮೂರು ವರ್ಷದ ಮೊಮ್ಮಗಳು ಅಜ್ಜಿಯ ಹತ್ತಿರ ಬೆಳೆಯುತ್ತಿದ್ದಳು. ನಾನು ಹೋದಾಗ ಅಜ್ಜಿ ಬಾಗಿಲಲ್ಲಿ ಕೂತು ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುತ್ತಿದ್ದಳು. ಹುಡುಗಿ ಅದೇ ಕೌದಿಯ ಇನ್ನೊಂದು ತುದಿಯಲ್ಲಿ ಮಲಗಿದ್ದಳು.

"ಪುಸ್ತಕ ನೋಡಾಕ ಬಂದೀರಲ್ಲಾ, ಬರ್ರಿ ಅಕ್ಕಾರ, ಒಳಗ ಬರ್ರಿ" ಎಂದು ಎದ್ದಳು. ಕೊರಳಿನ ದಾರದಿಂದ ಬೀಗದ ಕೈ ತೆಗೆದು ಟ್ರಂಕು ತೆರೆದಳು. ತನ್ನ ಮದುವೆಯ ಸೀರೆಯ ಮಡಿಕೆಯೊಳಗಿಂದ ಮೂರು ಪುಸ್ತಕಗಳನ್ನು ಹೊರತೆಗೆದಳು. ಪ್ಲಾಸ್ಟಿಕ್ ಚೀಲ, ಅದರೊಳಗೆ ಪೇಪರು, ಪೇಪರಿನೊಳಗೆ ಹುಳ ಬೀಳದಂತೆ ಬೇವಿನ ಎಲೆ. ಮೂರನ್ನೂ ನನ್ನ ಕೈಗಿಟ್ಟು ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವಳ ಹಾಗೆ ನಿಂತಳು.

"ಒಂದು ಚುಕ್ಕಿ ಆಗಿದ್ರ ಹೇಳ್ರಿ. ಈಕಿ ಕೈಯಾಗ ಸೈತ ಕೊಟ್ಟಿಲ್ಲ."

ಒಂದು ಚುಕ್ಕೆಯೂ ಇರಲಿಲ್ಲ. ಪುಟ ತೆರೆದರೆ ಹೊಸ ಪುಸ್ತಕಕ್ಕಿರುವಂಥ ಚಿಕ್ಕ ಸದ್ದು ಬಂತು. ಹಿಂದಿನ ಐದು ಮನೆಗಳಲ್ಲೂ ಇದೇ ಸದ್ದು ಕೇಳಿಸಿಕೊಂಡು ಬಂದಿದ್ದೆ.

ನನ್ನ ಮುಖ ನೋಡಿ ಅಜ್ಜಿ ಕೇಳಿದಳು: "ಯಾಕ್ರೀ, ಏನರ ತಪ್ಪಾತೇನು?"

ಪಕ್ಕದ ಮನೆಯ ಹೆಂಗಸು ಬಾಗಿಲಿಗೆ ಬಂದು ನಿಂತಿದ್ದಳು. ಅವಳೇ ಹೇಳಿಬಿಟ್ಟಳು: "ಓದಲಾರದ ಮನಿಯವರ ಹೆಸರು ತಗೀತಾರಂತ ಬೇ. ಟೀಚರ್ ಅಂದ್ರು."

"ಖರೇನ ರೀ?"

ನಾನು ನಿಯಮವನ್ನು ವಿವರಿಸಿದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡಳು. "ಅಂದ್ರ, ನೆಟ್ಟಗ ಇಟ್ಟವರ ಹೆಸರು ತಗದು ಹರಕೊಂಡವರಿಗೆ ಕೊಡ್ತೀರಿ? ಇದ್ಯಾವ ನ್ಯಾಯ ರೀ ಅಕ್ಕಾರ? ಜೋಪಾನ ಅಂದವರು ನೀವ. ಈ ಮನಿಯಾಗ ಬಂದ ಮೊದಲನೇ ಪುಸ್ತಕ ಇವು. ಸಾಲಿಗಿ ಹೋಗೂ ದಿನ ಈಕಿ ಕೈಯಾಗ ಕೊಡಬೇಕಂತ ಇಟ್ಟೀನಿ. ನನ್ನ ಮಗಳು ಫೋನ್ ಮಾಡಿದಾಗೆಲ್ಲ ಅದನ್ನ ಕೇಳ್ತಾಳ, ಪುಸ್ತಕ ಅದಾವಿಲ್ಲ ಅಂತ. ಏನಂತ ಹೇಳ್ಲಿ ಆಕಿಗಿ? ತಗದು ಹಾಕ್ಯಾರ ಅಂತ ಹೇಳ್ಲೇನು?"

ಪುಸ್ತಕಗಳನ್ನು ಅವಳ ಕೈಗೆ ತಿರುಗಿ ಕೊಟ್ಟು ಹೊರಟೆ. ಪ್ರತಿ ಮನೆಗೂ ತುಂಬಬೇಕಾದ ಫಾರಂನಲ್ಲಿ 'ಬಳಕೆಯಲ್ಲಿದೆ', 'ಬಳಕೆಯಲ್ಲಿಲ್ಲ', 'ಮನೆಗೆ ಬೀಗ' ಎಂಬ ಮೂರು ಖಾನೆಗಳಿದ್ದವು. ಬೀಗ ಹಾಕಿದ ಮನೆಗೆ ಇನ್ನೊಮ್ಮೆ ಹೋಗಬಹುದಿತ್ತು. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಆರು ಮನೆಗಳಿಗೂ 'ಬೀಗ' ಎಂದು ಗುರುತು ಹಾಕಿದೆ. ನಾನು ಬರೆದ ಮೊದಲ ಸುಳ್ಳು ವರದಿ ಅದು. ನೀಲಿ ಪೆನ್ನಿನಲ್ಲಿ, ಅಚ್ಚುಕಟ್ಟಾದ ಅಕ್ಷರಗಳಲ್ಲಿ.

ಮರುದಿನ ಮಾನ್ವಿ ಕಡೆಯ ಒಂದು ಅಂಗನವಾಡಿಗೆ ಹೋಗಬೇಕಿತ್ತು. ಅಲ್ಲಿಯ ಟೀಚರ್ ಗಟ್ಟಿ ದನಿಯವರು, ನಗು ಇನ್ನೂ ಗಟ್ಟಿ. ಪುಸ್ತಕಗಳು ಹೇಗಿವೆ ಎಂದು ಕೇಳಿದೆ.

"ನಮ್ಮಲ್ಲಿ ಹರದ ಪುಸ್ತಕ ಒಂದೂ ಇಲ್ರೀ ಮೇಡಂ. ಹೆಂಗ ಹರೀತಾವ? ಜೋಪಾನ, ಜೋಪಾನ ಅಂತ ಮೂರು ಸಲ ಹೇಳಿ ಹೋಗೀರಿ, ನಾ ಎಣಿಸೀನಿ. ನಮ್ಮ ಅಂಗನವಾಡಿ ಪುಸ್ತಕಾನೂ ಬೀರುದಾಗ ಇಟ್ಟು ಬೀಗ ಹಾಕೀನಿ. ಹುಡುಗ್ರು ಬೀರುಕ್ಕ ಕೈ ಮುಗದು ಹೋಗ್ತಾವ!"

ಅವರು ನಕ್ಕರು. ನನಗೆ ನಗು ಬರಲಿಲ್ಲ. ಮೂರು ಸಲ ಹೇಳಿದ್ದು ನನಗೆ ನೆನಪಿರಲಿಲ್ಲ, ಆದರೆ ಹೇಳಿರುತ್ತೇನೆ ಎಂಬುದರಲ್ಲಿ ಸಂಶಯವಿರಲಿಲ್ಲ.

"ಮತ್ತೇನು ಮಾಡಬೇಕಿತ್ತು ಟೀಚರ್?" ಎಂದೆ.

"ಹರದ್ರೂ ಬೈಯಂಗಿಲ್ಲ ಅಂತ ಒಂದು ಮಾತು ಹೇಳಬೇಕಿತ್ರೀ. ಪುಕ್ಕಟೆ ಕೊಟ್ಟಿದ್ದನ್ನ ಹಾಳು ಮಾಡಿದ್ರು ಅನಿಸ್ಕೊಳ್ಳಾಕ ನಮ್ಮ ಮಂದಿ ಅಂಜ್ತಾರ. ನೀವಂತೂ ನಕ್ಕೂ ಮಾತಾಡಂಗಿಲ್ಲ, ಇನ್ಸ್‌ಪೆಕ್ಟರ್ ಬಂದಂಗ ಬರ್ತೀರಿ."

ಸಂಜೆ ರಾಯಚೂರಿಗೆ ಮರಳಿದ ಮೇಲೆ ಮೇಲ್ವಿಚಾರಕಿಯ ಫೋನು ಬಂತು. ವರದಿ ನೋಡಿದ್ದರು. "ಒಂದ ಓಣಿಯಾಗ ಆರು ಮನಿ ಬೀಗ ಹಾಕಿದ್ವೇನ್ರೀ? ಎಲ್ಲಾರೂ ಕೂಡಿ ಬೀಗರ ಊರಿಗಿ ಹೋಗಿದ್ರೇನು?"

"ಇಲ್ಲ ಮೇಡಂ. ಮನೆಗಳು ತೆರೆದೇ ಇದ್ದವು. ಟ್ರಂಕುಗಳಿಗೆ ಬೀಗ ಇತ್ತು" ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಬೇವಿನ ಎಲೆಯನ್ನೂ, ಮೂರು ಸಲ ಹೇಳಿದ ಜೋಪಾನವನ್ನೂ ಬಿಡಲಿಲ್ಲ. ಸುಳ್ಳು ಬರೆದದ್ದಕ್ಕೆ ಅವರು ಬೈದರು, ಬೈಯಬೇಕಾದ್ದೇ. ಕೊನೆಗೆ ಒಂದು ತಿಂಗಳು ಕೊಟ್ಟರು. ಅಷ್ಟರೊಳಗೆ ಬಳಕೆ ಕಾಣದಿದ್ದರೆ ಆರೂ ಹೆಸರು ಹೋಗುತ್ತವೆ.

ಆ ವಾರವೇ ಗಬ್ಬೂರಿಗೆ ಹೋದೆ. ಐದು ಮನೆಗಳ ತಾಯಂದಿರಿಗೆ ಹರಿದರೂ ಯಾರೂ ಬೈಯುವುದಿಲ್ಲ ಎಂದು ಹೇಳಿ, ಮಕ್ಕಳನ್ನು ಕೂಡಿಸಿಕೊಂಡು ಓದಿ ತೋರಿಸಿದೆ. ಅವರಿಗೆ ಅಷ್ಟು ಸಾಕಾಯಿತು. ಅಜ್ಜಿಗೆ ಸಾಲಲಿಲ್ಲ.

"ನನಗ ಓದಾಕ ಬರಂಗಿಲ್ಲಲ್ರೀ" ಎಂದು ಕೌದಿಯಿಂದ ಕಣ್ಣೆತ್ತದೆ ಹೇಳಿದಳು. "ಸಾಲಿಗಿ ನಾಕು ದಿನ ಹೋದೆ. ಐದನೇ ದಿನ ಎಮ್ಮಿ ಹೊಡಕೊಂಡು ಹೋಗಂದ್ರು, ಹೋದೆ. ಬೀಗ ತಗದ್ರೇನು, ಒಳಗಿಂದು ನನಗೇನು ತಿಳೀತದ?"

ನಾನು ಮೂರು ಪುಸ್ತಕಗಳಲ್ಲಿ ಒಂದನ್ನು ಆರಿಸಿ ಕೌದಿಯ ಮೇಲೆ ತೆರೆದಿಟ್ಟೆ. ಹೊಂಡದಲ್ಲಿ ಕೂತು ಮೇಲೇಳಲೊಲ್ಲದ ಒಂದು ಎಮ್ಮೆಯ ಕತೆ. ಕಪ್ಪೆ ಕರೆಯುತ್ತದೆ, ಕೊಕ್ಕರೆ ಕರೆಯುತ್ತದೆ, ಎಮ್ಮೆ ಏಳುವುದಿಲ್ಲ. ನಾನು ಸಾಲುಗಳನ್ನು ಓದತೊಡಗಿದೆ. ಹುಡುಗಿ ಅಜ್ಜಿಯ ಬೆನ್ನ ಹಿಂದಿನಿಂದ ನೋಡಿದಳೇ ಹೊರತು ಮುಂದೆ ಬರಲಿಲ್ಲ. ನನ್ನ ದನಿ ನನಗೇ ವರದಿ ಓದಿದಂತೆ ಕೇಳುತ್ತಿತ್ತು.

ಎರಡನೆಯ ಪುಟಕ್ಕೆ ಅಜ್ಜಿಯ ಸೂಜಿ ನಿಂತಿತು.

"ಇದು ಎಮ್ಮಿ ಏನ್ರೀ? ಇದನ್ನ ಬರದವ ಎಮ್ಮಿ ನೋಡ್ಯಾನಿಲ್ಲೋ! ಎಮ್ಮಿ ಕೋಡು ಹಿಂಗ ಮ್ಯಾಲೆ ನಿಂದರ್ತಾವೇನು?"

"ಹೆಂಗಿರ್ತಾವ ಯವ್ವಾ?" ಎಂದೆ.

"ಹಿಂದಕ ಹೋಗಿ ಹಿಂಗ ಸುತ್ತತಾವ." ಎರಡೂ ಕೈಗಳನ್ನು ತಲೆಯ ಪಕ್ಕದಲ್ಲಿ ಬಾಗಿಸಿ ತೋರಿಸಿದಳು. ಹುಡುಗಿ ಕಿಸಕ್ಕನೆ ನಕ್ಕಳು. "ಮತ್ತ ಕಪ್ಪಿ ಕರದ್ರ ಎಮ್ಮಿ ಯಾಕ ಬರ್ತದ್ರೀ? ಹೊಂಡದಾಗ ಕುಂತ ಎಮ್ಮಿ ಅವರಪ್ಪ ಕರದ್ರೂ ಬರಂಗಿಲ್ಲ. ಹಿಂಡಿ ಬುಟ್ಟಿ ತೋರಿಸಿ, ಹೆಸರು ಹಿಡದು, ಹೋ... ಬಾರಽ ಬಾ ಅನ್ನಬೇಕು."

ಆ ಕೂಗು ಓಣಿಯ ತುದಿಯವರೆಗೂ ಹೋಗಿರಬೇಕು. ಪಕ್ಕದ ಮನೆಯವಳು ಓಡಿಬಂದಳು. "ಏನ ಬೇ ಮುದುಕಿ, ಮಾರಿದ ಎಮ್ಮಿ ತಿರುಗಿ ಬಂತೇನು?"

"ಪುಸ್ತಕದಾಗ ಬಂದದ, ನೋಡ ಬಾ."

ಹುಡುಗಿ ಯಾವಾಗ ಅಜ್ಜಿಯ ತೊಡೆ ಏರಿದಳೋ ನಾನು ನೋಡಲಿಲ್ಲ. ಅಜ್ಜಿಯ ಕೈಬೆರಳು ಚಿತ್ರದ ಮೇಲಿತ್ತು, ಅದರ ಮೇಲೆ ಹುಡುಗಿಯ ಕೈ. ಪುಟಗಳಲ್ಲಿ ಬರೆದದ್ದಕ್ಕೂ ಅಜ್ಜಿ ಹೇಳುತ್ತಿದ್ದುದಕ್ಕೂ ಸಂಬಂಧವಿರಲಿಲ್ಲ. ಅವಳ ಕತೆಯಲ್ಲಿ ಕೊಕ್ಕರೆಗೆ ಮಾತೇ ಇರಲಿಲ್ಲ, ಎಮ್ಮೆಗೆ ಹೆಸರಿತ್ತು, ಹೊಂಡಕ್ಕೂ ಹೆಸರಿತ್ತು. ಮುಗಿದಾಗ ಹುಡುಗಿ, "ಮತ್ತ ಹೇಳು" ಎಂದಳು. ಬರೆದದ್ದನ್ನು ನಾನು ಓದಿ ಮುಗಿಸಲಿಲ್ಲ. ಯಾರೂ ಕೇಳಲೂ ಇಲ್ಲ.

ಹೊರಡುವಾಗ ಅಜ್ಜಿ ಪುಸ್ತಕವನ್ನು ಮತ್ತೆ ಪೇಪರಿನಲ್ಲಿ ಸುತ್ತತೊಡಗಿದ್ದಳು. ಕೈ ರೂಢಿ. ತಡೆಯದೆ ಚೀಲ ಹೆಗಲಿಗೇರಿಸಿದೆ. ತಡೆದಿದ್ದರೆ ಅದೂ ಮತ್ತೊಂದು ಅಪ್ಪಣೆಯಾಗುತ್ತಿತ್ತು.

ತಿಂಗಳು ಕಳೆದು ಹೋದಾಗ ನನ್ನ ಚೀಲದಲ್ಲಿ ಫಾರಂ ಇತ್ತು, ನಾಲ್ಕನೆಯ ಪುಸ್ತಕವೂ ಇತ್ತು. ಫಾರಂನಲ್ಲಿ ಬೀಳುವ ಗುರುತು ನೋಡಿ ಪುಸ್ತಕ ಹೊರಬರಬೇಕಿತ್ತು. ಹೊಲಗಳಲ್ಲಿ ಹತ್ತಿ ಬಿಡಿಸುತ್ತಿದ್ದರು. ಅಜ್ಜಿ ಮಾತ್ರ ಹುಡುಗಿಯ ಜೊತೆ ಬಾಗಿಲಲ್ಲಿದ್ದಳು. ನನ್ನನ್ನು ಕಂಡವಳೇ ಕೈಯಲ್ಲಿದ್ದ ಏನನ್ನೋ ಮಂಡಿಯ ಕೆಳಗೆ ತುರುಕಿ ಅದರ ಮೇಲೆ ಸೆರಗು ಎಳೆದಳು.

"ಪುಸ್ತಕ ಎಲ್ಲಿ ಯವ್ವಾ?"

"ಅದಾವ್ರೀ. ಟ್ರಂಕಿನ್ಯಾಗ ಅದಾವ."

"ಸುಳ್ಳ! ಕೆಳಗ ಅದ!" ಎಂದು ಹುಡುಗಿ ಅಜ್ಜಿಯ ಸೆರಗು ಎತ್ತಿಬಿಟ್ಟಳು.

ಎಮ್ಮೆಯ ಪುಸ್ತಕ. ಒಂದು ಮೂಲೆಯನ್ನು ಹಲ್ಲು ಜಗಿದಿತ್ತು. ಹೊಂಡದ ಪುಟದ ಮೇಲೆ ಎಣ್ಣೆಯ ಬೆರಳಚ್ಚು. ಎಮ್ಮೆಯ ಕೊಂಬುಗಳ ಮೇಲೆ ಇದ್ದಿಲಿನಿಂದ ಬೇರೆ ಕೊಂಬುಗಳನ್ನು ಬರೆದಿದ್ದರು, ಹಿಂದಕ್ಕೆ ಹೋಗಿ ಸುತ್ತಿದ ಕೊಂಬುಗಳು. ನಡುವಿನ ಹಾಳೆ ಪೂರ್ತಿ ಹರಿದು ಎರಡಾಗಿತ್ತು. ಅದನ್ನು ಕೆಂಪು ದಾರದಿಂದ, ಕೌದಿಗೆ ಹಾಕುವಂಥ ಸಣ್ಣ ಸಾಲು ಹೊಲಿಗೆಯಲ್ಲಿ ಹೊಲಿಯಲಾಗಿತ್ತು. ಸೂಜಿ ಇನ್ನೂ ಅಲ್ಲೇ ಚುಚ್ಚಿಕೊಂಡಿತ್ತು.

"ನಿನ್ನೆ ಹರೀತ್ರೀ" ಎಂದಳು ಅಜ್ಜಿ. ದನಿ ಸಣ್ಣದಾಗಿತ್ತು. "ನೀವು ಬೈಯಂಗಿಲ್ಲ ಅಂದಿದ್ರಿ, ಖರೆ. ಆದ್ರೂ ಮನಸು ತಡೀಲಿಲ್ಲ. ನೋಡೂದರಾಗ ಹೊಲದು ಮುಗಸಬೇಕಂದೆ. ಹೆಸರು ತಗೀಬ್ಯಾಡ್ರಿ. ಉಳದ ಎರಡು ಹೊಸಾವ ಅದಾವ, ತೋರಿಸ್ಲೇನು?"

"ಬ್ಯಾಡ ಯವ್ವಾ. ಇದ ಸಾಕು."

ಅಲ್ಲೇ ಕೂತು ಫಾರಂ ತೆಗೆದು, ಅವಳಿಗೆ ಕಾಣುವಂತೆ ಹಿಡಿದು, 'ಬಳಕೆಯಲ್ಲಿದೆ' ಎಂಬ ಖಾನೆಯಲ್ಲಿ ಗುರುತು ಹಾಕಿದೆ. ಅದು ಯಾವ ಖಾನೆಯೆಂದು ಓದಿ ಹೇಳಿದೆ. ಅಜ್ಜಿ ಉಸಿರು ಬಿಟ್ಟು, ಹಲ್ಲಿನಿಂದ ಕೆಂಪು ದಾರ ಕಡಿದಳು.

ಉಳಿದ ಐದು ಮನೆಗಳನ್ನು ಅಂದು ಮೊದಲೇ ನೋಡಿ ಬಂದಿದ್ದೆ. ಒಂದರಲ್ಲಿ ಪುಸ್ತಕ ಇನ್ನೂ ಹೊಸದಾಗಿಯೇ ಇತ್ತು, ಆದರೆ ಮಗು ಪ್ರತಿ ಪುಟದ ಕತೆಯನ್ನೂ ಹೇಳಿತು. ಅಲ್ಲೂ ಅದೇ ಖಾನೆ.

ನಾಲ್ಕನೆಯ ಪುಸ್ತಕವನ್ನು ಅಜ್ಜಿಯ ಕೈಗೆ ಕೊಡದೆ ಹುಡುಗಿಯ ಕೈಗೇ ಕೊಟ್ಟೆ. ಅವಳು ಮೊದಲು ಮೂಲೆಯನ್ನು ಬಾಯಿಗಿಟ್ಟು ನೋಡಿದಳು. ಅಜ್ಜಿಯ ಕೈ ಕಸಿದುಕೊಳ್ಳಲು ಮುಂದೆ ಬಂದದ್ದು, ಹಾಗೆಯೇ ನಿಂತು, ಹಿಂದಕ್ಕೆ ಹೋಗಿ ಮಂಡಿಯ ಮೇಲೆ ಕೂತಿತು. ಹುಡುಗಿ ನೆಲದ ಮೇಲೆ ಪುಸ್ತಕ ಹರವಿ ಪುಟಗಳನ್ನು ಹಿಂದಿನಿಂದ ಮುಂದಕ್ಕೆ ತಿರುವಿದಳು. ಅದು ಸಂತೆಗೆ ಹೋದ ಕುಂಬಳಕಾಯಿಯ ಕತೆ.

"ಯಮ್ಮಾ, ಇದರಾಗ ಎಮ್ಮಿ ಇಲ್ಲ" ಎಂದು ಅಜ್ಜಿಗೆ ದೂರಿದಳು.

ಅಜ್ಜಿ ಹತ್ತಿರ ಸರಿದು ಕೂತಳು. "ಇಲ್ಲಂದ್ರೇನಾತು, ನಾವ ಹೊಡಕೊಂಡು ಬಂದ್ರಾತು. ತಗೀ ಮೊದಲನೇ ಹಾಳಿ."