ಬ್ರಿಸ್ಬೇನ್‌ನಲ್ಲಿ ಎರಡು ಗಂಟೆ ಮೊದಲೇ ಇಳಿದ ಚಕ್ರವರ್ತಿ

ವಿಶಾಲಾಕ್ಷಿಯವರನ್ನು ಬಟ್ಟೆಯ ಥಾನಿನಂತೆ ಬಿಚ್ಚಿ ನೋಡಿದರೆ ಅಗಲ ಕಡಿಮೆ, ನೇಯ್ಗೆ ಬಿಗಿ, ಬಣ್ಣ ಬಿಡುವ ಜಾತಿಯಲ್ಲ, ಅಂಚು ಮಾತ್ರ ಸ್ವಲ್ಪ ಚುಚ್ಚುತ್ತದೆ. ಪರ್ತ್‌ನ ಥಾರ್ನ್ಲಿಯಲ್ಲಿರುವ ನನ್ನ ಬಟ್ಟೆ ಅಂಗಡಿಯಲ್ಲಿ ಎಂಟು ಮೀಟರ್ ನೇರಳೆ ಸ್ಯಾಟಿನ್‌ಗೆ ಅರ್ಧ ಗಂಟೆ ಚೌಕಾಸಿ ಮಾಡಿ, ಪಿನ್ನಿನ ಡಬ್ಬಿಯನ್ನೂ ಪುಕ್ಕಟೆ ಎತ್ತಿಕೊಂಡು ಹೋದ ಗಿರಾಕಿ. ಮೈಸೂರಿನಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿ, ಈಗ ಕ್ಯಾನಿಂಗ್ ವೇಲ್‌ನ ಮಗಳ ಮನೆಯಲ್ಲಿದ್ದುಕೊಂಡು ಶನಿವಾರದ ಕನ್ನಡ ತರಗತಿ ನಡೆಸುತ್ತಾರೆ. ಪರ್ತ್‌ನ ಮಕ್ಕಳು ಎದುರಿಗೆ, ಬ್ರಿಸ್ಬೇನ್ ಮತ್ತು ಅಡಿಲೇಡ್‌ನವರು ಪರದೆಯ ಮೇಲೆ.

ಮಕ್ಕಳಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಕೊನೆಗೆ ತಂದೆತಾಯಂದಿರ ಪರವಾಗಿ ಅವರಲ್ಲೊಬ್ಬನಾದ ಸಂದೀಪ ಹೇಳಿಬಿಟ್ಟ: "ಆಂಟಿ, ಬೇಜಾರ್ ಮಾಡ್ಕೋಬೇಡಿ. ಈ ಸಲದ ನಾಟಕದಲ್ಲೂ ಇವ್ರು ಬಾಯಿ ಬಿಡ್ಲಿಲ್ಲ ಅಂದ್ರೆ ಮುಂದಿನ ಟರ್ಮಿಂದ ಶನಿವಾರ ಸ್ವಿಮ್ಮಿಂಗೇ."

ವಿಶಾಲಾಕ್ಷಿ ರೋಮ್ ಸಾಮ್ರಾಜ್ಯವನ್ನೇ ಕಣಕ್ಕಿಳಿಸಿದರು. ಡಯೊಕ್ಲೀಷಿಯನ್ ಎಂಬ ಚಕ್ರವರ್ತಿ ಇದು ಒಬ್ಬನಿಂದಾಗುವ ಕೆಲಸವಲ್ಲವೆಂದು ಅಧಿಕಾರವನ್ನು ನಾಲ್ವರಿಗೆ ಹಂಚಿದ: ಇಬ್ಬರು ಹಿರಿಯರು, ಇಬ್ಬರು ಕಿರಿಯರು. ತಾನು ಪಟ್ಟವೇರಿದ ಇಪ್ಪತ್ತು ವರ್ಷದ ಮೇಲೆ ಅವನೂ ಇನ್ನೊಬ್ಬ ಹಿರಿಯ ಮ್ಯಾಕ್ಸಿಮಿಯನ್ನೂ ಒಂದೇ ದಿನ, ಬೇರೆ ಬೇರೆ ಊರಿನಲ್ಲಿ ಪಟ್ಟದಿಂದಿಳಿದರು; ಕಿರಿಯರು ಏರಿದರು. ಮೂರು ಊರಿನ ತರಗತಿಗೆ ಅಳತೆ ತೆಗೆದು ಹೊಲಿದಂಥ ಕಥೆ! ಪರ್ತ್‌ನ ಅದಿತಿ ಡಯೊಕ್ಲೀಷಿಯನ್, ಬ್ರಿಸ್ಬೇನ್‌ನ ಅಕ್ಷಯ ಮ್ಯಾಕ್ಸಿಮಿಯನ್. ಅವಳ ಪಟ್ಟಕ್ಕೆ ಕಾದವನು ಪರ್ತ್‌ನ ಉತ್ತಮ್, ಅವನ ಪಟ್ಟಕ್ಕೆ ಕಾದವಳು ಅಡಿಲೇಡ್‌ನ ಹಂಸಾ. ತಾಲೀಮಿಗೆ ಒಂದೇ ಕಾನೂನು: ಇಂಗ್ಲಿಷ್ ಆಡಿದವರ ಕಿರೀಟ ಹೋಯಿತು.

"ಹಿರಿಯರಿಬ್ಬರೂ ಸರಿಯಾಗಿ ಮೂರು ಗಂಟೆಗೆ ಇಳಿಯಬೇಕು" ಎಂದು ಎಲ್ಲರಿಗೂ ಸಂದೇಶ ಕಳಿಸಿದರು. ಯಾವ ಊರಿನ ಮೂರು ಎಂದು ಬರೆಯಲಿಲ್ಲ.

ನಾಟಕದ ದಿನ. ಪರ್ತ್‌ನಲ್ಲಿ ಒಂದು ಗಂಟೆ ದಾಟಿತ್ತು, ಎಲ್ಲರ ಕೈಯಲ್ಲೂ ಚಿತ್ರಾನ್ನದ ತಟ್ಟೆ. ವಿಶಾಲಾಕ್ಷಿ ಪರದೆ ಹಚ್ಚಿ ನೋಡುತ್ತಾರೆ, ಎರಡು ಗಂಟೆ ಮುಂದೆ ಓಡುವ ಬ್ರಿಸ್ಬೇನ್‌ನಲ್ಲಿ ಆಗಲೇ ಮೂರು ಹೊಡೆದಿದೆ! ಪರ್ತ್‌ನವರ ಇಂಟರ್ನೆಟ್ ಕೆಟ್ಟಿರಬೇಕು ಎಂದುಕೊಂಡು ಅಲ್ಲಿಯವರು ತಮ್ಮ ಮಾತುಗಳನ್ನೆಲ್ಲ ಆಡಿ ಮುಗಿಸಿದ್ದರು. ಅಕ್ಷಯ ಕಿರೀಟ ಪಕ್ಕಕ್ಕಿಟ್ಟು ಕೇಕ್ ಮೆಲ್ಲುತ್ತಿದ್ದ. ಅಡಿಲೇಡ್‌ನ ಹಂಸಾ ಪಟ್ಟವೇರಿ ಪ್ರಜೆಗಳಿಗೆ ಕೈ ಬೀಸುತ್ತಿದ್ದಳು.

ವಿಶಾಲಾಕ್ಷಿ ಮೈಕ್ ಎತ್ತಿಕೊಂಡರು. ಪಕ್ಕದಲ್ಲೇ ಸಂದೀಪ, ಕೈಯಲ್ಲಿ ಸ್ವಿಮ್ಮಿಂಗ್ ಫಾರಂ. "ಅಕ್ಷಯಾ, ಕಿರೀಟ ವಾಪಸ್ ಹಾಕ್ಕೊಳೋ!" ಎಂದು ಕೂಗಿದರು.

ಅವನು ಹಾಕಿಕೊಂಡ. ಹಂಸಾ ತೆಗೆಯಲಿಲ್ಲ.

"ನೀನ್ ಬಿಟ್‌ಬಿಟ್ಟೆ! ಈಗ ನಂದು!"

"ಆಂಟಿ ಹೇಳಿದ್ರು! ವಾಪಸ್ ನಂದು!"

"ಆಂಟಿ ಏನು ನಿನ್ ಸೈನ್ಯಾನಾ?"

ಅದಿತಿ ತಟ್ಟೆ ಕೆಳಗಿಟ್ಟು ಮೈಕ್ ಕಿತ್ತುಕೊಂಡಳು. "ಸುಮ್ನಿರ್ರೋ! ದೊಡ್ಡೋಳು ನಾನು! ನಾನಿನ್ನೂ ಇಳ್ದೇ ಇಲ್ಲ!"

"ಹಂಗಾದ್ರೆ ಇಳಿಯೇ! ನನ್ ಟರ್ನ್ ಯಾವಾಗ?" ಉತ್ತಮ್ ಹಿಂದಿನಿಂದ ಅವಳ ಕಿರೀಟಕ್ಕೆ ಕೈಹಾಕಿದ.

"ಟರ್ನ್ ಅಂದ! ಇಂಗ್ಲಿಷ್! ಇವನ್ ಕಿರೀಟ ಹೋಯ್ತು!" ಮೂರು ಊರಿನ ಚಕ್ರವರ್ತಿಗಳು ಒಂದೇ ಉಸಿರಿಗೆ ಕಿರುಚಿದರು. ಇಪ್ಪತ್ತು ನಿಮಿಷ ಸಾಮ್ರಾಜ್ಯ ಹರಿದು ಚಿಂದಿಯಾಯಿತು, ಅಚ್ಚ ಕನ್ನಡದಲ್ಲಿ.

ಸಂದೀಪ ಬಾಯಿ ತೆರೆದು ನಿಂತಿದ್ದ. "ಆಂಟಿ, ಸ್ಕ್ರಿಪ್ಟಲ್ಲಿ ಹೀಗಿತ್ತಾ?"

"ಚರಿತ್ರೇಲಿ ಹೀಗೇ ಇತ್ತು ಕಣಪ್ಪ. ಮ್ಯಾಕ್ಸಿಮಿಯನ್ನೂ ಇಳಿದೋನು ಮತ್ತೆ ಕಿರೀಟ ಹಾಕ್ಕೊಂಡ, ಆಮೇಲೆ ಎಲ್ರೂ ಕಿತ್ತಾಡಿದ್ರು. ಮಕ್ಕಳಿಗೆ ಕಷ್ಟ ಆಗತ್ತೆ ಅಂತ ನಾನೇ ಆ ಭಾಗ ಬಿಟ್ಟಿದ್ದೆ."

ಸಂದೀಪ ಚಿತ್ರಾನ್ನ ತಿಂದು ಕೈಗಂಟಿದ್ದ ಅರಿಸಿನವನ್ನು ಸ್ವಿಮ್ಮಿಂಗ್ ಫಾರಂಗೆ ಒರೆಸಿಕೊಂಡ. ತರಗತಿ ಉಳಿಯಿತು.

ಅದಿತಿ ನನ್ನ ಮೊಮ್ಮಗಳು. ನಾನು ಏನು ಕೇಳಿದರೂ 'ಯಾ', 'ನಾ' ಎನ್ನುತ್ತಿದ್ದವಳು ಈಗ ಅಂಗಡಿಗೆ ಬಂದು ನನ್ನೊಡನೆ ಕನ್ನಡದಲ್ಲಿ ಜಗಳವಾಡುತ್ತಾಳೆ. ಆ ಜಗಳಕ್ಕಾಗಿ ನಾನು ವಿಶಾಲಾಕ್ಷಿಯವರಿಗೆ ಋಣಿ.